ಉಡುಗೊರೆ ಕಾಗದ ಒಲೆಗೆ ಬೇಡ



ಮದುವೆ ಮನೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಧಾರೆ ಮುಗಿಯಿತು. ಊಟ ಆಯಿತು. ನೆಂಟರು ಹೊರಟರು. ಮಾರನೆಯ ದಿನ ಮನೆಯವರೆಲ್ಲ ಸುತ್ತ ಕೂತು ಉಡುಗೊರೆ ಬಿಚ್ಚುತ್ತಾರೆ. ಒಂದು ಗೋಡೆ ಗಡಿಯಾರ. ಸ್ಟೀಲ್ ಡಬ್ಬಿ. ಲೋಟದ ಸೆಟ್ಟು. ಮತ್ತೊಂದು ಗೋಡೆ ಗಡಿಯಾರ! ಮಕ್ಕಳು ಪರಪರ ಅಂತ ಕಾಗದ ಹರಿಯುತ್ತಾರೆ. ಒಳಗಿನ ವಸ್ತು ಕಪಾಟಿಗೆ ಹೋಗುತ್ತದೆ. ಹೊರಗಿನ ಚಂದದ ಕಾಗದ ಎಲ್ಲಿಗೆ ಹೋಗುತ್ತದೆ? ಬಚ್ಚಲ ಒಲೆಗೆ.

ದೀಪಾವಳಿಗೂ ಹೀಗೇ. ಸಿಹಿ ಡಬ್ಬದ ಮೇಲೆ ಎಂಥ ಕಾಗದ ಇರುತ್ತದೆ ನೋಡಿ. ದಪ್ಪ ಹಾಳೆ, ಚಿನ್ನದ ಬಣ್ಣದ ಹೂಬಳ್ಳಿ. ಮುಟ್ಟಿದರೆ ನಯ. ಕ್ರಿಸ್‌ಮಸ್ ಮಾಡುವ ಮನೆಗಳಲ್ಲಿ ನಕ್ಷತ್ರ, ಗಂಟೆ ಇರುವ ಕಾಗದ ಬರುತ್ತದೆ. ಒಂದು ದಿನ ಮೆರೆದು ಮರುದಿನ ಕಸ.

ಇಂಥ ಕಾಗದವನ್ನು ಒಲೆಗೆ ಹಾಕಬೇಡಿ. ಅದರ ಬಣ್ಣ, ಹೊಳಪು ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ. ಕೆಲವು ಕಾಗದದ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಒಲೆ ಮುಂದೆ ಕೂತವರು ಯಾರು? ನಾವೇ. ಆ ಹೊಗೆ ಕುಡಿಯುವವರೂ ನಾವೇ.

ಹಾಗಾದರೆ ಏನು ಮಾಡೋದು? ಬಹಳ ಮಾಡಬಹುದು. ಅದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮುಯ್ಯಿ ಕವರ್. ಯಾಕೆ ಅಂತ ಹೇಳುತ್ತೇನೆ.

ಹೆಸರಿಲ್ಲದ ಕವರ್

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಸಂಗತಿ ಇದು. ಅವರ ಹೆಸರು ಬೇಡ. ಓದು ಬರಹ ಕಲಿಯುವ ಮುಂಚಿನ ಮಾತು. ಹತ್ತಿರದ ನೆಂಟರ ಮದುವೆಗೆ ಹೋದರು. ಅಂಗಡಿಯಲ್ಲಿ ಕವರ್ ಕೊಂಡರು. ಕೂಲಿ ಮಾಡಿ ಕೂಡಿಟ್ಟ ಐನೂರು ರೂಪಾಯಿ ಅದರಲ್ಲಿ ಇಟ್ಟರು. ಕವರ್ ಮೇಲೆ ಹೆಸರು ಬರೆಯಬೇಕಲ್ಲ? ಬರೆಯಲು ಬಾರದು. ಬೇರೆಯವರನ್ನು ಕೇಳಲು ನಾಚಿಕೆ. ಹಾಗೇ ಹುಡುಗಿಯ ಕೈಗೆ ಕೊಟ್ಟು ಬಂದರು.

ರಾತ್ರಿ ಆ ಮನೆಯವರು ಮುಯ್ಯಿ ಪುಸ್ತಕ ಬರೆದರು. ಹೆಸರಿಲ್ಲದ ಕವರ್ ಯಾರದು ಅಂತ ಗೊತ್ತಾಗಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಮಾತು ಈ ಅಕ್ಕನ ಕಿವಿಗೆ ಬಿತ್ತು. "ಅವಳು ಬಂದಳು, ಉಂಡಳು, ಮುಯ್ಯಿ ಹಾಕಲಿಲ್ಲ." ಐನೂರೂ ಹೋಯಿತು, ಮಾನವೂ ಹೋಯಿತು ಅಂತ ಅವರು ನಮ್ಮ ಮುಂದೆ ಅತ್ತರು.

ಮುಯ್ಯಿ ಅಂದರೆ ಬರೀ ದುಡ್ಡಲ್ಲ. ಕೊಟ್ಟವರ ಹೆಸರು ಪುಸ್ತಕದಲ್ಲಿ ಉಳಿಯಬೇಕು. ನಾಳೆ ಅವರ ಮನೆಯಲ್ಲಿ ಮದುವೆ ಆದಾಗ ಅದನ್ನು ನೋಡಿಯೇ ತಿರುಗಿ ಕೊಡುತ್ತಾರೆ. ಈಗ ಫೋನಿನಲ್ಲೇ ದುಡ್ಡು ಹಾಕುವವರೂ ಇದ್ದಾರೆ. ಆದರೂ ಕವರ್ ಹೋಗಿಲ್ಲ. ಕವರ್ ಮೇಲೆ ಹೆಸರು ಇರಲೇಬೇಕು.

ಅದಕ್ಕೇ ನಮ್ಮ ಕೇಂದ್ರದಲ್ಲಿ ಕವರ್ ಮಾಡುವುದನ್ನೂ, ಅದರ ಮೇಲೆ ಹೆಸರು ಬರೆಯುವುದನ್ನೂ ಒಟ್ಟಿಗೇ ಕಲಿತೆವು.

ಕಾಗದವೋ ಪ್ಲಾಸ್ಟಿಕ್ಕೋ?

ಮೊದಲು ಕಾಗದ ಆರಿಸಬೇಕು. ಹೊಳೆಯುವುದೆಲ್ಲ ಕಾಗದವಲ್ಲ. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮುದುಡಿದಂತೆಯೇ ಉಳಿದರೆ ಕಾಗದ. ಮತ್ತೆ ಬಿಚ್ಚಿಕೊಂಡರೆ ಅದು ಪ್ಲಾಸ್ಟಿಕ್ ಹಾಳೆ. ಇನ್ನೂ ಅನುಮಾನ ಇದ್ದರೆ ಸ್ವಲ್ಪ ಹರಿದು ನೋಡಿ. ಕಾಗದ ಹರಿದ ಕಡೆ ಬಿಳಿ ನಾರು ಕಾಣುತ್ತದೆ.

ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಮೊದಲ ಸಲ ಹೊಳಪಿಗೆ ಮರುಳಾಗಿ ಬೆಳ್ಳಿ ಬಣ್ಣದ ಹಾಳೆ ತಂದೆ. ಮೈದಾ ಅಂಟು ಹಚ್ಚಿ ಕವರ್ ಮಾಡಿದೆವು. ಸಂಜೆಗೆ ಎಲ್ಲವೂ ಬಾಯಿ ಬಿಟ್ಟವು! ಪ್ಲಾಸ್ಟಿಕ್ ನೀರನ್ನು ಹೀರುವುದಿಲ್ಲ. ಅಂಟು ಅದರೊಳಗೆ ಇಳಿಯುವುದಿಲ್ಲ. ಕಾಗದವಾದರೆ ಹೀರುತ್ತದೆ, ಹಿಡಿಯುತ್ತದೆ.

ಹಳೆಯ ಕಾಗದ ಉಳಿಸಬೇಕಾದರೆ ಉಡುಗೊರೆ ಬಿಚ್ಚುವಾಗಲೇ ಜೋಪಾನ ಮಾಡಿ. ಅಂಟು ಟೇಪನ್ನು ಕೀಳಬೇಡಿ. ಕಿತ್ತರೆ ಬಣ್ಣವೂ ಎದ್ದು ಬರುತ್ತದೆ. ಬ್ಲೇಡಿನಿಂದ ಟೇಪನ್ನು ಸೀಳಿ ಬಿಚ್ಚಿ. ಆಮೇಲೆ ಟೇಪು ಇರುವ ಅಂಚನ್ನು ಕತ್ತರಿಸಿ ಹಾಕಿ. ಮಡಿಕೆ ಬಿದ್ದಿದ್ದರೆ ಹಾಳೆಯನ್ನು ಮಗುಚಿ ಹಾಕಿ. ಹಿಂಬದಿಯ ಮೇಲೆ ತೆಳು ಬಟ್ಟೆ ಹಾಸಿ, ಸ್ವಲ್ಪವೇ ಬಿಸಿ ಇರುವ ಇಸ್ತ್ರಿಪೆಟ್ಟಿಗೆ ಆಡಿಸಿ. ನೀರು ಚಿಮುಕಿಸಬೇಡಿ. ಪ್ಲಾಸ್ಟಿಕ್ ಹಾಳೆಗೆ, ಮಿಂಚಿನ ಪುಡಿ ಇರುವ ಹಾಳೆಗೆ ಇಸ್ತ್ರಿ ಬೇಡವೇ ಬೇಡ.

ಕಾಗದಕ್ಕೂ ಎಳೆ ಇದೆ

ಬಾಳೆ ಎಲೆಯನ್ನು ಅದರ ಗೆರೆಯ ಉದ್ದಕ್ಕೆ ಸೀಳಿದರೆ ಸರ್ರನೆ ಸೀಳುತ್ತದೆ. ಅಡ್ಡಕ್ಕೆ ಹರಿದರೆ ಅಡ್ಡಾದಿಡ್ಡಿ ಹೋಗುತ್ತದೆ. ಕಾಗದವೂ ಹಾಗೇ. ಕಾಗದ ಮಾಡುವುದು ನಾರಿನಿಂದ. ಯಂತ್ರದಲ್ಲಿ ಕಾಗದ ಓಡುವಾಗ ಹೆಚ್ಚಿನ ನಾರು ಒಂದೇ ದಿಕ್ಕಿಗೆ ಮಲಗುತ್ತದೆ. ಅದೇ ಕಾಗದದ ಎಳೆ.

ಎಳೆ ಯಾವ ಕಡೆ ಇದೆ ಅಂತ ತಿಳಿಯೋದು ಹೇಗೆ? ಹಾಳೆಯನ್ನು ಮಡಿಸದೆ ಮೆಲ್ಲಗೆ ಬಾಗಿಸಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಬಾಗಿನ ಉದ್ದಕ್ಕೇ ಎಳೆ ಇದೆ. ಕವರಿನ ಉದ್ದ ಮಡಿಕೆಗಳು ಎಳೆಯ ದಿಕ್ಕಿಗೇ ಬರಲಿ. ಆಗ ಮಡಿಕೆ ಚೂರಿಯ ಬಾಯಿ ಹಾಗೆ ನೇರ ಬರುತ್ತದೆ. ಎಳೆಗೆ ಅಡ್ಡವಾಗಿ ಮಡಿಸಿದರೆ ದಪ್ಪ ಕಾಗದದ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ.

ಅಳತೆ

ಕವರ್ ಎಷ್ಟು ದೊಡ್ಡದಿರಬೇಕು? ನೋಟನ್ನು ಕೇಳಬೇಕು! ಈಗಿನ 500 ರೂಪಾಯಿ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ ಇದೆ. ಹಳೆಯ 100 ರೂಪಾಯಿ ನೋಟು ಅದಕ್ಕಿಂತ ದೊಡ್ಡದು. 15.7 ಸೆಂಟಿಮೀಟರ್ ಉದ್ದ, 7.3 ಅಗಲ. ಅದೂ ನಡೆಯುತ್ತದೆ. ಹಾಗಾಗಿ ಕವರ್ 17.5 ಸೆಂಟಿಮೀಟರ್ ಉದ್ದ, 8.5 ಅಗಲ ಇರಲಿ. ಯಾವ ನೋಟನ್ನೂ ಮಡಿಸದೆ ಇಡಬಹುದು.

ಇದಕ್ಕೆ 20.5 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ತುಂಡು ಬೇಕು. ಅಂಗಡಿಯ ಉಡುಗೊರೆ ಹಾಳೆ ಸಾಮಾನ್ಯವಾಗಿ 70 ಸೆಂಟಿಮೀಟರ್ ಉದ್ದ, 50 ಅಗಲ ಇರುತ್ತದೆ. ಉದ್ದಕ್ಕೆ ಮೂರು, ಅಗಲಕ್ಕೆ ಎರಡು. ಒಟ್ಟು ಆರು ತುಂಡು. ಎಳೆ ನೋಡಿಕೊಂಡು ತುಂಡನ್ನು ತಿರುಗಿಸಿ ಇಟ್ಟರೂ ಆರೇ ಬರುತ್ತದೆ. ಮಕ್ಕಳ ಅಳತೆಪಟ್ಟಿ ಸಾಕು.

ಮಾಡುವ ಬಗೆ

ತುಂಡನ್ನು ಬಣ್ಣದ ಬದಿ ಕೆಳಗಾಗಿ ಇಡಿ. 20 ಸೆಂಟಿಮೀಟರ್ ಎತ್ತರವನ್ನು ಮೂರು ಭಾಗ ಮಾಡಿ ಗೆರೆ ಎಳೆಯಿರಿ. ಕೆಳಗೆ 8, ನಡುವೆ 8.5, ಮೇಲೆ 3.5. ಕೂಡಿಸಿ ನೋಡಿ, 20 ಬಂತಲ್ಲ? ಈಗ ಎಡಕ್ಕೂ ಬಲಕ್ಕೂ ಒಂದೂವರೆ ಸೆಂಟಿಮೀಟರ್ ಬಿಟ್ಟು ಮೇಲಿಂದ ಕೆಳಗೆ ಗೆರೆ ಹಾಕಿ. ಈ ಅಂಚಿನ ಪಟ್ಟಿ ನಡುಭಾಗಕ್ಕೆ ಮಾತ್ರ ಬೇಕು. ಮೇಲಿನ ಭಾಗದ್ದನ್ನೂ ಕೆಳಗಿನ ಭಾಗದ್ದನ್ನೂ ಕತ್ತರಿಸಿ ತೆಗೆಯಿರಿ. ನಡುಭಾಗಕ್ಕೆ ಎರಡು ಕಿವಿ ಇದ್ದ ಹಾಗೆ ಕಾಣುತ್ತದೆ.

ಕಿವಿಗಳನ್ನು ಒಳಕ್ಕೆ ಮಡಿಸಿ. ಅವುಗಳ ಬೆನ್ನಿಗೆ ಅಂಟು ಹಚ್ಚಿ. ಕೆಳಗಿನ ಭಾಗವನ್ನು ಮೇಲಕ್ಕೆ ಮಡಿಸಿ ಅದರ ಮೇಲೆ ಒತ್ತಿ. ಮೇಲಿನ ಭಾಗವೇ ಮುಚ್ಚಳ. ಅದರ ಎರಡು ಮೂಲೆಯನ್ನು ಸ್ವಲ್ಪ ಓರೆಯಾಗಿ ಕತ್ತರಿಸಿದರೆ ಚಂದ. ಮಡಿಕೆಯನ್ನು ಉಗುರಿನಿಂದ ತಿಕ್ಕಬೇಡಿ, ಬಣ್ಣ ಹೋಗುತ್ತದೆ. ಚಮಚದ ಬೆನ್ನಿನಿಂದ ಒತ್ತಿ.

ಅಂಟಿಗೆ ಎರಡು ಚಮಚ ಮೈದಾ, ಒಂದು ಲೋಟ ನೀರು. ಮೊದಲು ತಣ್ಣೀರಿನಲ್ಲೇ ಗಂಟಿಲ್ಲದ ಹಾಗೆ ಕಲಸಿ. ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಬಿಳುಪು ಹೋಗಿ ಗಂಜಿಯ ಹಾಗೆ ಆದಾಗ ಇಳಿಸಿ. ಹುಳ ಬಾರದಿರಲಿ ಅಂತ ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡ. ಆ ದಿನದ ಅಂಟನ್ನು ಆ ದಿನವೇ ಮುಗಿಸಿ. ತೆಳ್ಳಗೆ ಹಚ್ಚಿ. ದಪ್ಪಗೆ ಹಚ್ಚಿದರೆ ಕಾಗದ ಸುಕ್ಕಾಗುತ್ತದೆ.

ಹೆಸರಿಗೆ ಜಾಗ

ಹೊಳೆಯುವ ಕಾಗದದ ಮೇಲೆ ಪೆನ್ನು ಜಾರುತ್ತದೆ. ಅಕ್ಷರ ಮೂಡುವುದಿಲ್ಲ. ಅದಕ್ಕೆ ಮಕ್ಕಳ ಹಳೆಯ ನೋಟ್‌ಬುಕ್ಕಿನಿಂದ ಬಿಳಿ ಚೀಟಿ ಕತ್ತರಿಸಿ. ಅದರ ಮೇಲೆ ಮೊದಲೇ ನಿಧಾನವಾಗಿ ಬರೆಯಿರಿ. ನಿಮ್ಮ ಹೆಸರು, ಊರು. ತಪ್ಪಾದರೆ ಇನ್ನೊಂದು ಚೀಟಿ. ಸರಿಯಾದದ್ದನ್ನು ಕವರಿಗೆ ಅಂಟಿಸಿ. ಕವರ್ ಹಾಳಾಗುವ ಭಯ ಇಲ್ಲ. ಒಂದೇ ಹೆಸರಿನವರು ಊರಿನಲ್ಲಿ ನಾಲ್ಕು ಜನ ಇರುತ್ತಾರೆ. ಹಾಗಾಗಿ ಮನೆಯ ಗುರುತನ್ನೂ ಸೇರಿಸಿ.

ಆ ಅಕ್ಕ ಒಂಬತ್ತು ಚೀಟಿ ಬರೆದರು. ಒತ್ತಕ್ಷರ ತಪ್ಪುತ್ತಿತ್ತು. ಹತ್ತನೆಯದನ್ನು ಅಂಟಿಸಿದರು. ಮುಂದಿನ ಮದುವೆಯಲ್ಲಿ ಕವರ್ ಕೊಟ್ಟ ಮೇಲೂ ಹೊರಡಲಿಲ್ಲವಂತೆ. ಮುಯ್ಯಿ ಬರೆಯುವವರ ಪಕ್ಕ ನಿಂತು, ಪುಸ್ತಕದಲ್ಲಿ ತಮ್ಮ ಹೆಸರು ಬಂದದ್ದನ್ನು ಓದಿಯೇ ಊಟಕ್ಕೆ ಹೋದರಂತೆ.

ಒಂದು ಹಳೆಯ ಸಂಗತಿ

ಈ ಕಾಗದ ಹುಟ್ಟಿದ ಕಥೆಯೂ ಚೆನ್ನಾಗಿದೆ. ಅಮೆರಿಕದ ಕನ್ಸಾಸ್ ಸಿಟಿ ಎಂಬ ಊರಿನಲ್ಲಿ ಹಾಲ್ ಅಣ್ಣತಮ್ಮಂದಿರ ಅಂಗಡಿ ಇತ್ತು. ಆಗ ಅಲ್ಲಿ ಉಡುಗೊರೆಗೆ ತೆಳುವಾದ ಟಿಶ್ಯೂ ಕಾಗದ ಸುತ್ತುತ್ತಿದ್ದರು. 1917ರ ಕ್ರಿಸ್‌ಮಸ್ ಸಮಯದಲ್ಲಿ ಆ ಕಾಗದ ಮುಗಿದುಹೋಯಿತು. ಅಂಗಡಿಯಲ್ಲಿ ಲಕೋಟೆಯ ಒಳಬದಿಗೆ ಅಂಟಿಸುವ ಬಣ್ಣದ ಕಾಗದ ಇತ್ತು. ಫ್ರಾನ್ಸ್ ದೇಶದ್ದು. ಅದನ್ನೇ ಹಾಳೆಗೆ 10 ಸೆಂಟಿನಂತೆ ಮಾರಲು ಇಟ್ಟರು. ಸೆಂಟ್ ಎಂದರೆ ಅಲ್ಲಿನ ಪೈಸೆ. ಜನ ಮುಗಿಬಿದ್ದು ಕೊಂಡರು. ಆಮೇಲೆ ತಾವೇ ಅಂಥ ಕಾಗದ ಅಚ್ಚು ಹಾಕಿಸತೊಡಗಿದರು. ನೋಡಿ, ಲಕೋಟೆಯ ಕಾಗದವೇ ಉಡುಗೊರೆಯ ಕಾಗದ ಆಯಿತು. ನಾವು ಅದನ್ನು ಮತ್ತೆ ಲಕೋಟೆ ಮಾಡುತ್ತಿದ್ದೇವೆ, ಅಷ್ಟೇ.

ಬೇರೆ ಏನೇನು?

ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಬಹುದು. ದಸರಾ ಗೊಂಬೆ ಕೂರಿಸುವ ಮೆಟ್ಟಿಲಿಗೆ ಹಾಸಬಹುದು. ಬಳೆ ಡಬ್ಬಿಗೆ, ಪೆನ್ನು ಇಡುವ ಡಬ್ಬಿಗೆ ಸುತ್ತಬಹುದು. ಕವರ್ ಕತ್ತರಿಸಿ ಉಳಿದ ಪಟ್ಟಿ ಇದೆಯಲ್ಲ, ಅದನ್ನು ದೀಪಾವಳಿಯ ಆಕಾಶಬುಟ್ಟಿಯ ಬಾಲಕ್ಕೂ ಅಂಚಿಗೂ ಬಳಸಿ. ಬುಟ್ಟಿಯ ಮೈಗೆ ಮಾತ್ರ ಈ ಕಾಗದ ಬೇಡ. ದಪ್ಪ ಕಾಗದದಲ್ಲಿ ಬೆಳಕು ಹಾಯುವುದಿಲ್ಲ. ಮೈಗೆ ತೆಳು ಬಣ್ಣದ ಕಾಗದವೇ ಸರಿ. ಒಳಗೆ ಎಣ್ಣೆ ದೀಪ ಇಡಬೇಡಿ, ಸಣ್ಣ ಎಲ್‌ಇಡಿ ಬಲ್ಬು ಹಾಕಿ.

ಒಂದು ಕೆಲಸಕ್ಕೆ ಮಾತ್ರ ಬಳಸಲೇಬೇಡಿ. ಬಜ್ಜಿ, ಬೋಂಡಾ, ಚಕ್ಕುಲಿ ಕಟ್ಟಲು ಬೇಡ. ಅಚ್ಚಿನ ಬಣ್ಣ ಎಣ್ಣೆಗೆ ಬಿಡುತ್ತದೆ, ಹೊಟ್ಟೆಗೆ ಹೋಗುತ್ತದೆ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಈ ಕಾಗದಕ್ಕೂ ಅದೇ ಮಾತು.

ಮಾರಬಹುದೇ?

ಮಾರಬಹುದು. ಆದರೆ ಲೆಕ್ಕ ಹಾಕಿ ಇಳಿಯಿರಿ. ಹಳೆಯ ಕಾಗದದ ಕವರ್ ಮನೆಯ ಬಳಕೆಗೆ ಇರಲಿ. ಮಾರಲು ಹೊಸ ಹಾಳೆಯೇ ಬೇಕು. ಒಂದು ಹಾಳೆಗೆ 10 ರೂಪಾಯಿ ಅಂತ ಇಟ್ಟುಕೊಳ್ಳೋಣ. ಆರು ಕವರ್ ಬಂತು. ಹತ್ತನ್ನು ಆರರಿಂದ ಭಾಗಿಸಿ. ಒಂದಕ್ಕೆ ಸುಮಾರು 1 ರೂಪಾಯಿ 67 ಪೈಸೆ ಕಾಗದದ ಖರ್ಚು. ಒಂದು ರೂಪಾಯಿ ನಾಣ್ಯ ಅಂಟಿಸಿದರೆ 2 ರೂಪಾಯಿ 67 ಪೈಸೆ. ಅಂಟು, ಗ್ಯಾಸು, ನಿಮ್ಮ ಕೈಕೆಲಸ ಬೇರೆ. ನಿಮ್ಮೂರಿನ ಹಾಳೆಯ ಬೆಲೆ ಕೇಳಿಕೊಂಡು ಇದೇ ಲೆಕ್ಕ ಮತ್ತೆ ಮಾಡಿ.

ಅಂಗಡಿಯಲ್ಲಿ ಯಂತ್ರದಲ್ಲಿ ಮಾಡಿದ ಕವರ್ ಅಗ್ಗಕ್ಕೆ ಸಿಗುತ್ತದೆ. ಬೆಲೆಯಲ್ಲಿ ಅದರ ಜೊತೆ ನಾವು ಗೆಲ್ಲಲಾರೆವು. ಸುಮ್ಮನೆ ಆಸೆ ತೋರಿಸುವುದು ನನಗೆ ಇಷ್ಟವಿಲ್ಲ. ಆದರೆ ಯಂತ್ರದ ಕವರ್ ಮೇಲೆ ಕೊಳ್ಳುವವರ ಹೆಸರು ಇರುವುದಿಲ್ಲ. ನೀವು ಹೆಸರು ಬರೆದ ಚೀಟಿ ಅಂಟಿಸಿಕೊಡಬಹುದು. ನಮ್ಮ ಕೇಂದ್ರದ ಇಬ್ಬರು ಮದುವೆ ತಿಂಗಳಲ್ಲಿ ಹೀಗೇ ಮಾಡುತ್ತಾರೆ. ಬರೆಯಲು ಬಾರದವರು ಅವರ ಹತ್ತಿರ ನಾಚಿಕೆ ಇಲ್ಲದೆ ಬಂದು ಬರೆಸಿಕೊಳ್ಳುತ್ತಾರೆ. ಹೆಸರು ಹೇಳುವಾಗ ಇವರು ಎರಡು ಸಲ ಕೇಳಿ, ಬರೆದು, ಓದಿ ಹೇಳಿ, ಆಮೇಲೆಯೇ ಅಂಟಿಸುತ್ತಾರೆ.

ಅಂಟಿಸಿದ ಕವರ್‌ಗಳನ್ನು ಬಿಸಿಲಿಗೆ ಇಡಬೇಡಿ, ಸೊಟ್ಟ ಆಗುತ್ತವೆ. ನೆರಳಲ್ಲಿ ಒಂದರ ಪಕ್ಕ ಒಂದು ಹರಡಿ. ಒಣಗಿದ ಮೇಲೆ ಒಂದರ ಮೇಲೊಂದು ಜೋಡಿಸಿ, ರಾತ್ರಿಯೆಲ್ಲ ಮೇಲೆ ಒಂದು ಭಾರದ ಪುಸ್ತಕ ಇಡಿ. ಬೆಳಿಗ್ಗೆ ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ ಟ್ರಂಕಿನಲ್ಲಿಡಿ.