ಒಂದು ಸೀರೆಗೆ ಒಂದೇ ಹಾಸು

ಇಳಕಲ್ಲಿನ ಕೈಮಗ್ಗದಲ್ಲಿ ಸೀರೆಯ ಒಡಲಿಗೆ ಒಂದು ಹಾಸು (ಉದ್ದಕ್ಕೆ ಹಾಯುವ ಎಳೆಗಳು), ಸೆರಗಿಗೆ ಇನ್ನೊಂದು. ಒಡಲಿನದು ಹತ್ತಿಯೋ ರೇಷ್ಮೆಯೋ ಆಗಬಹುದು; ಸೆರಗಿನದು ಕೆಂಪು ರೇಷ್ಮೆ, ಇಲ್ಲವೇ ಚಮಕಾ ಎಂಬ ಕೃತಕ ರೇಷ್ಮೆ. ಒಡಲಿನ ಎಳೆಗಳ ಕುಣಿಕೆಗೆ ಸೆರಗಿನ ಎಳೆಗಳ ಕುಣಿಕೆ ಕೋದು ಎರಡನ್ನೂ ಕೂಡಿಸುತ್ತಾರೆ. ಇದೇ ಟೋಪ ತೆನಿ. ಹೀಗೆ ಕೂಡಿಸಿದ ಹಾಸಿನಲ್ಲಿ ಒಂದೇ ಸೀರೆ ಬರುತ್ತದೆ. ಆರು, ಎಂಟು, ಒಂಬತ್ತು ಗಜ, ಎಷ್ಟಾದರೂ ಇರಲಿ, ಇಳಿಸಿದ ಮೇಲೆ ಮತ್ತೆ ಮೊದಲಿನಿಂದ ಶುರು.

ಈ ಪದ್ಧತಿ ಯಾವಾಗ ಹುಟ್ಟಿತೆಂಬುದಕ್ಕೆ ಇಸವಿ ಸಿಗುವುದಿಲ್ಲ. ಇದು ತಂದುಕೊಟ್ಟ ಅನುಕೂಲ ಮಾತ್ರ ಕಣ್ಣೆದುರಿಗಿದೆ. ಹಾಸು ಚಿಕ್ಕದಾದ್ದರಿಂದ ಮುಂದಿನ ಸೀರೆಗೆ ಬಣ್ಣ ಬದಲಿಸಬಹುದು, ಅಂಚಿಗೆ ಚಿಕ್ಕಿ ದಡಿಯ ಬದಲು ಗೋಮಿ ದಡಿ ಹಾಕಬಹುದು. ತಪ್ಪು ನುಸುಳಿದರೆ ಒಂದೇ ಸೀರೆಗೆ ನಿಲ್ಲುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಅಜೈಲ್ ಎಂದು ಕರೆದು ಕಲಿಸುವುದೂ ಇದನ್ನೇ: ಕೆಲಸವನ್ನು ಚಿಕ್ಕ ತುಂಡು ಮಾಡು, ಮುಗಿಸಿ ತೋರಿಸು, ಕಂಡದ್ದನ್ನು ತಿದ್ದಿಕೊಂಡು ಮುಂದಿನದಕ್ಕೆ ಹೋಗು.

ಆ ವಿದ್ಯೆಯ ಒಂದು ಬೇರೂ ಮಗ್ಗದಲ್ಲೇ ಇದೆ ಎಂದು ತಿಳಿದಾಗ ನಾನು ಬೆರಗಾದೆ. ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು. ತಪ್ಪು ಕಂಡಲ್ಲೇ ನಿಲ್ಲುವ ಆ ಗುಣ ಅವರ ಮಗ ಕಟ್ಟಿದ ಟೊಯೋಟಾ ಕಾರ್ಖಾನೆಗೆ ಬಂತು. ಅಲ್ಲಿ ಸಣ್ಣ ಸಣ್ಣ ಕಂತುಗಳಲ್ಲಿ ಮಾಡುವ ಪದ್ಧತಿ ರೂಢಿಸಿದ ತೈಚಿ ಓನೋ ಕೆಲಸಕ್ಕೆ ಸೇರಿದ್ದು ಟೊಯೋಡಾದ ನೂಲು–ನೇಯ್ಗೆ ಕಂಪನಿಗೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಅಜೈಲ್ ಪ್ರಣಾಳಿಕೆ ಬರೆಯುವ ಹೊತ್ತಿಗೆ ಟೊಯೋಟಾದ ವಿಚಾರಗಳು ಸಾಫ್ಟ್‌ವೇರ್ ಜಗತ್ತಿಗೂ ತಲುಪಿದ್ದವು. ನಮ್ಮ ನೇಕಾರನ ಮಗ್ಗಕ್ಕೆ ಅಂಥ ಯಂತ್ರ ಬೇಕಿರಲಿಲ್ಲ. ಎಳೆ ಕಡಿದರೆ ಅವನ ಕೈಯೇ ನಿಲ್ಲುತ್ತದೆ.

ಮಗ್ಗದ ಮೇಲೆ ಗುರಿ, ಅಳತೆ, ದುಡಿಮೆಯ ಲಯ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಸಾಹುಕಾರ ನೂಲು ಕೊಟ್ಟು ಕೇಳುವುದು ಸೀರೆ, ಮಜೂರಿ ಎಣಿಸುವುದು ಸೀರೆಗೆ, ಹಾಸು ಮುಗಿಯುವುದೂ ಸೀರೆಗೇ. ಪವರ್‌ಲೂಮ್ ಈ ಹೊಂದಾಣಿಕೆಯನ್ನು ಕೆಡಿಸಿತು. ಅದಕ್ಕೆ ಉದ್ದನೆಯ ಹಾಸು ಬೇಕು, ಟೋಪ ತೆನಿಗೆ ನಿಲ್ಲುವ ಪುರುಸೊತ್ತಿಲ್ಲ. ಕೆಂಪು ಬಿಳುಪಿನ ಸೆರಗಿನ ಹೋಲಿಕೆಯನ್ನಷ್ಟೇ ತೆಗೆದು ಅದನ್ನೂ ಇಳಕಲ್ ಸೀರೆ ಎಂದು ಮಾರುತ್ತಾರೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಇದೆ, 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ, ಇಳಕಲ್ ಸೀರೆಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ಇಷ್ಟಿದ್ದೂ ಅಂಗಡಿಯಲ್ಲಿ ಕೈಮಗ್ಗದ್ದನ್ನೂ ಪವರ್‌ಲೂಮಿನದ್ದನ್ನೂ ಪಕ್ಕಪಕ್ಕ ಹರವಿ, ಅಗ್ಗದ್ದನ್ನೇ ಮುಂದೆ ತಳ್ಳುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಅದಕ್ಕಿಂತ ಹೆಚ್ಚು ನೋಯಿಸುವುದು ಮಜೂರಿಯ ಲೆಕ್ಕ. ಸೀರೆ ಎಣಿಸುವ ಅಳತೆ, ಮಗ್ಗಕ್ಕೆ ಕೂರುವ ಮೊದಲು ನಡೆಯುವುದನ್ನು ಕಾಣುವುದೇ ಇಲ್ಲ. ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಕುಣಿಕೆಗೆ ಕುಣಿಕೆ ಕೋಯುವುದು, ಇದರಲ್ಲಿ ಬಹುಪಾಲು ಮನೆಯ ಹೆಂಗಸರ ದುಡಿಮೆ. 2019–20ರ ರಾಷ್ಟ್ರೀಯ ಕೈಮಗ್ಗ ಗಣತಿ, ದೇಶದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಇಂಥ ಪೂರಕ ಕೆಲಸದವರೆಂದು ಬೇರೆಯಾಗಿಯೇ ಎಣಿಸಿದೆ. ಸಾಹುಕಾರರ, ಸಹಕಾರ ಸಂಘಗಳ ಮಜೂರಿ ಪುಸ್ತಕದಲ್ಲೂ ಟೋಪ ತೆನಿಗೆ ಪ್ರತ್ಯೇಕ ಕಲಂ ಬರಬೇಕು. ಆ ಹಣ ಕುಣಿಕೆ ಕೋದವಳ ಹೆಸರಿಗೇ ಹೋಗಬೇಕು.