ಅಧಿಕ ವರ್ಷದ ಒಂದು ದಿನವೂ ನಮ್ಮ ಝಕಾತಿನ ಲೆಕ್ಕವೂ

2024ರ ಫೆಬ್ರವರಿಗೆ 29 ದಿನ ಇತ್ತು. ಇನ್ನು 2028ಕ್ಕೆ ಹಾಗೆ ಬರುತ್ತದೆ. ಇದು ಯಾಕೆ ಅಂತ ಮದ್ರಸದ ಮಕ್ಕಳೂ ಕೇಳ್ತಾರೆ. ಭೂಮಿ ಸೂರ್ಯನಿಗೆ ಒಂದು ಸುತ್ತು ಬರಲು 365 ದಿನ, ಅದರ ಮೇಲೆ ಸುಮಾರು 5 ಗಂಟೆ 49 ನಿಮಿಷ ಬೇಕು. ಈ ಉಳಿಕೆ ನಾಲ್ಕು ವರ್ಷಕ್ಕೆ ಹತ್ತಿರ ಹತ್ತಿರ ಒಂದು ದಿನ ಆಗುತ್ತದೆ. ಅದನ್ನೇ ಫೆಬ್ರವರಿಗೆ ಸೇರಿಸುವುದು. ಆದರೆ ಉಳಿಕೆ ಪೂರಾ 6 ಗಂಟೆ ಇಲ್ಲವಲ್ಲ? ಹಾಗಾಗಿ ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಅಧಿಕ ವರ್ಷ ಆಗಿತ್ತು. 1900 ಅಲ್ಲ, 2100 ಕೂಡ ಅಲ್ಲ.

ಎಲ್ಲರ ಕ್ಯಾಲೆಂಡರ್ ಹೀಗೆ ನಡೆಯುವುದಿಲ್ಲ. ನಮ್ಮ ಅಡುಗೆಮನೆಗೆ ಒಣಮೆಣಸು ಬರುವ ಬ್ಯಾಡಗಿಯನ್ನೇ ನೋಡಿ. ಅಲ್ಲಿನ ಬೆಳೆ ಸೂರ್ಯನ ಋತು ಹಿಡಿದು ಬರುತ್ತದೆ. ಅದೇ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಊರು. ಕನಕ ಜಯಂತಿ ಚಂದ್ರನ ತಿಥಿಯಂತೆ 2023ರಲ್ಲಿ ನವೆಂಬರ್ 30ಕ್ಕೆ, 2024ರಲ್ಲಿ 18ಕ್ಕೆ, 2025ರಲ್ಲಿ 8ಕ್ಕೆ ಬಂತು. ಹೀಗೆ ಹಿಂದೆ ಸರಿದರೂ ಅದು ಮಳೆಗಾಲಕ್ಕೆ ಹೋಗುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಋತುವಿಗೆ ಸರಿ ಮಾಡುತ್ತಾರೆ.

ನಮ್ಮ ಹಿಜರಿಯಲ್ಲಿ ಅಧಿಕ ಮಾಸ ಇಲ್ಲ. ಜಾಹಿಲಿಯ್ಯಾ ಕಾಲದ ಅರಬರು ಪವಿತ್ರ ತಿಂಗಳುಗಳನ್ನು ತಮಗೆ ಬೇಕಾದ ಹಾಗೆ ಹಿಂದೆ ಮುಂದೆ ಮಾಡುತ್ತಿದ್ದರು. ಸೂರಃ ಅತ್ತೌಬಾದ 36 ಮತ್ತು 37ನೇ ಆಯತ್‌ಗಳು ತಿಂಗಳು ಹನ್ನೆರಡೇ ಎಂದು ತಿಳಿಸಿ ಆ ಪದ್ಧತಿಯನ್ನು ಖಂಡಿಸಿದವು. ಚಂದ್ರವರ್ಷಕ್ಕೆ 354 ಅಥವಾ 355 ದಿನ. ಆದ್ದರಿಂದ ರಮಝಾನ್ ವರ್ಷಕ್ಕೆ 10-11 ದಿನ ಹಿಂದೆ ಸರಿದು ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. 2030ರ ಜನವರಿಯಲ್ಲಿ ಒಂದು ರಮಝಾನ್ ಶುರುವಾದರೆ, ಅದೇ ವರ್ಷ ಡಿಸೆಂಬರ್ ಕೊನೆಗೆ ಇನ್ನೊಂದು ಬರಲಿದೆ.

ಇದರಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ವಿಷಯ ಇದೆ. ಅಂಗಡಿ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ, ಝಕಾತನ್ನೂ ಅದೇ ದಿನಕ್ಕೆ ಲೆಕ್ಕ ಹಾಕುವವರಿದ್ದಾರೆ. ಆದರೆ ಝಕಾತಿನ ಹೌಲ್ ಎಂದರೆ ಚಂದ್ರವರ್ಷ. 33 ವರ್ಷ ಮಾರ್ಚ್ ಲೆಕ್ಕದಲ್ಲಿ ಕೊಟ್ಟವರು 33 ಸಲ ಕೊಟ್ಟಿರುತ್ತಾರೆ, ಹಿಜರಿಯಲ್ಲಾದರೆ ಅದು 34 ಸಲ ಆಗಬೇಕಿತ್ತು. ಒಂದು ವರ್ಷದ ಬಡವರ ಹಕ್ಕು ನಮ್ಮ ಗಲ್ಲಾಪೆಟ್ಟಿಗೆಯಲ್ಲೇ ಉಳಿಯಿತು!

ಮಕ್ಕಳ ವಿಷಯವೂ ಹಾಗೆಯೇ. ಬೇರೆ ಲಕ್ಷಣ ಕಾಣದಿದ್ದರೆ ಶಾಫಿಈ ಮದ್‌ಹಬ್‌ನಲ್ಲಿ ಪ್ರಾಯಪೂರ್ತಿಗೆ 15 ವರ್ಷ, ಅದೂ ಚಂದ್ರವರ್ಷ. ಶಾಲೆಯ ಲೆಕ್ಕದಲ್ಲಿ ಹದಿನಾಲ್ಕೂವರೆ ದಾಟುವಾಗಲೇ ಅದು ತುಂಬುತ್ತದೆ. ಅಂದಿನಿಂದ ನಮಾಝ್, ಉಪವಾಸ ಕಡ್ಡಾಯ.

ನಿಮ್ಮ ಸಂಪತ್ತು ನಿಸಾಬ್ ಮುಟ್ಟಿದ ಹಿಜರಿ ತಾರೀಕನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಮಕ್ಕಳು ಹುಟ್ಟಿದ ಹಿಜರಿ ದಿನವನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಹಿಂದಿನ ಬಾಕಿ ಇದೆಯೆಂದು ಅನಿಸಿದರೆ ನಿಮ್ಮ ಜಮಾಅತ್‌ನ ಖತೀಬರಲ್ಲಿ ಕೂತು ಲೆಕ್ಕ ಕೇಳಿ ತೀರಿಸಿಬಿಡಿ.