ಅಜ್ಜ-ಅಜ್ಜಿಯರ ದಿನ: ಶಾಲು ಹೊದಿಸಿದರೆ ಸಾಕೇ?



ಜುಲೈ 26ರಂದು ಧರ್ಮಸಭೆ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತದೆ. ಇವರು ಮಾತೆ ಮರಿಯಮ್ಮನವರ ತಂದೆತಾಯಿ, ಪ್ರಭು ಯೇಸುವಿನ ಅಜ್ಜ-ಅಜ್ಜಿ. ಪವಿತ್ರ ಬೈಬಲಿನಲ್ಲಿ ಇವರ ಹೆಸರಿಲ್ಲ. ಪುರಾತನ ಪರಂಪರೆಯಿಂದ ಮಾತ್ರ ನಮಗೆ ತಿಳಿದುಬಂದಿದೆ. ಆದರೂ ಇವರ ಕೆಲಸ ಉಳಿಯಿತು. ದೇವರ ಕರೆಗೆ ತಲೆಬಾಗಿದ ಮಗಳನ್ನು ಬೆಳೆಸಿದವರು ಇವರೇ.

ಈ ಹಬ್ಬಕ್ಕೆ ಸಮೀಪದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವೆಂದು 2021ರಲ್ಲಿ ಪೋಪ್ ಫ್ರಾನ್ಸಿಸರು ಘೋಷಿಸಿದರು. ಆ ದಿನದ ಬಲಿಪೂಜೆಯೊಂದಿಗೆ, ಒಂಟಿಯಾದ ಹಿರಿಯರನ್ನು ಭೇಟಿಮಾಡುವುದೂ ಅದರ ಮುಖ್ಯ ಅಂಗ.

ನಮ್ಮಲ್ಲಿ ಏನಾಗುತ್ತದೆ? ಪೂಜೆಯ ನಂತರ ಹಿರಿಯರನ್ನು ವೇದಿಕೆಯ ಮೇಲೆ ಕೂರಿಸುತ್ತೇವೆ. ಶಾಲು, ಹೂವು, ಸಿಹಿತಿಂಡಿ, ಒಂದು ಫೋಟೋ. ಮಕ್ಕಳು ಹಾಡುತ್ತಾರೆ, ಚಪ್ಪಾಳೆಯಾಗುತ್ತದೆ. ಆದರೆ ಯಾರೂ ಅವರೊಡನೆ ಕುಳಿತು ಮಾತಾಡುವುದಿಲ್ಲ. ಶಾಲು ಮಡಚಿ ಕಪಾಟಿಗೆ ಸೇರುತ್ತದೆ. ಅಜ್ಜಿ ಸಂಜೆ ಮತ್ತೆ ಒಬ್ಬರೇ ಜಪಸರ ಹಿಡಿಯುತ್ತಾರೆ.

ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನೆನೆಯೋಣ. ಯುವ ದಂಪತಿ ಮರಿಯ ಮತ್ತು ಜೋಸೆಫ್ ಮಗುವಿನೊಂದಿಗೆ ದೇವಾಲಯಕ್ಕೆ ಬಂದರು. ಸಿಮೆಯೋನನು ಮಗುವನ್ನು ಕೈಯಲ್ಲಿ ಎತ್ತಿಕೊಂಡ. ವೃದ್ಧೆ ಅನ್ನಳು ಮಗುವಿನ ವಿಷಯವನ್ನು ಎಲ್ಲರಿಗೂ ಸಾರಿದಳು. ಅಲ್ಲಿ ಹಿರಿಯರು ಸನ್ಮಾನಕ್ಕಾಗಿ ಕಾದಿರಲಿಲ್ಲ, ಅವರಿಗೊಂದು ಕೆಲಸವಿತ್ತು. ಕಿರಿಯರು ಮಗುವನ್ನು ಅವರ ಕೈಗೆ ಕೊಟ್ಟರು, ಅವರ ಮಾತಿಗೆ ಕಿವಿಗೊಟ್ಟರು.

ಕರಾವಳಿಯ ನಮ್ಮ ತೆನೆ ಹಬ್ಬದ ಗುಟ್ಟೂ ಇದೇ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನಕ್ಕೆ ಮುಂಚೆ ಮಕ್ಕಳು ಹೂ ಕೊಯ್ದು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಮನೆಯ ಹಿರಿಯರು ಅದರ ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಮಗುವಿಗೂ ಕೆಲಸವಿದೆ, ಅಜ್ಜನಿಗೂ ಕೆಲಸವಿದೆ. ಆದ್ದರಿಂದಲೇ ಆ ಹಬ್ಬ ತಲೆಮಾರುಗಳನ್ನು ದಾಟಿ ಬಂದಿದೆ.

ಹಾಗಾದರೆ ನಮ್ಮ ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಮೊದಲನೆಯದಾಗಿ, ಯುವಜನರು ಇಬ್ಬಿಬ್ಬರಾಗಿ ಹಿರಿಯರ ಮನೆಗೆ ಹೋಗಲಿ. ನಮ್ಮ ಚರ್ಚ್ ಕಟ್ಟಿದ್ದು ಹೇಗೆ, ನಿಮ್ಮ ಮೊದಲ ಪರಮಪ್ರಸಾದದ ದಿನ ಹೇಗಿತ್ತು ಎಂದು ಕೇಳಿ ಬರೆದುಕೊಳ್ಳಲಿ. ಆ ಪುಸ್ತಕ ಧರ್ಮಕೇಂದ್ರದ ಆಸ್ತಿಯಾಗುತ್ತದೆ.

ಎರಡನೆಯದಾಗಿ, ಕಲಿಕೆ ಎರಡೂ ಕಡೆಯಿಂದಾಗಲಿ. ಹಿರಿಯರು ಹಳೆಯ ಕೀರ್ತನೆಗಳನ್ನು ಕಲಿಸಲಿ. ಕಿರಿಯರು ದೂರದ ಊರಿನಲ್ಲಿರುವ ಮಗನಿಗೆ ವಿಡಿಯೋ ಕರೆ ಮಾಡುವುದನ್ನು ತಾಳ್ಮೆಯಿಂದ ತೋರಿಸಲಿ.

ಮೂರನೆಯದಾಗಿ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುವಾಗ ಒಬ್ಬ ಯುವಕನೋ ಯುವತಿಯೋ ಜೊತೆಗಿರಲಿ.

ಹಿರಿಯರಿಗೂ ಒಂದು ಮಾತು. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದೇ ಮಾತು ಆರಂಭಿಸಿದರೆ ಮಕ್ಕಳು ದೂರ ಸರಿಯುತ್ತಾರೆ. ಮೊದಲು ಅವರ ಪರೀಕ್ಷೆ, ಕೆಲಸ, ಕಳವಳಗಳನ್ನು ಕೇಳಿರಿ. ತಿಮೊಥೇಯನ ವಿಶ್ವಾಸಕ್ಕೆ ಸಂತ ಪೌಲರು ಮೊದಲು ನೆನೆದದ್ದು ಅವನ ಅಜ್ಜಿ ಲೋವಿಯನ್ನು. ವಿಶ್ವಾಸದ ಆ ಹಸ್ತಾಂತರ ವೇದಿಕೆಯ ಮೇಲೆ ಆಗಲಿಲ್ಲ, ಮನೆಯಲ್ಲಿ ಆಯಿತು.

ಈ ವಾರ ನಮ್ಮ ವಾರ್ಡಿನ ಒಬ್ಬ ಹಿರಿಯರ ಬಾಗಿಲು ತಟ್ಟೋಣ. ಕೈಯಲ್ಲಿ ಶಾಲು ಇಲ್ಲದಿದ್ದರೂ ಪರವಾಗಿಲ್ಲ, ಒಂದು ಗಂಟೆ ಸಮಯವಿರಲಿ. ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ.